ವಿದ್ಯುತ್ ಮತ್ತು ರೀಸೆಟ್ ರಿಜಿಸ್ಟರ್‌ಗಳು (ಎಂಬೆಡೆಡ್ ವ್ಯವಸ್ಥೆ)

ವಿದ್ಯುತ್ ಮತ್ತು ರೀಸೆಟ್ ರಿಜಿಸ್ಟರ್‌ಗಳು ಎಂದರೆ ಎಂಬೆಡೆಡ್ ಚಿಪ್ ಒಂದರ ಒಳಗಿರುವ ಯಂತ್ರಾಂಶ ಘಟಕಗಳಿಗೆ ವಿದ್ಯುತ್ತನ್ನೂ ಕ್ಲಾಕ್ ಸಂಕೇತವನ್ನೂ ಒದಗಿಸುವ ಅಥವಾ ತಡೆಹಿಡಿಯುವ, ಹಾಗೂ ಆ ಘಟಕಗಳನ್ನು ಆರಂಭಿಕ ಸ್ಥಿತಿಗೆ ಮರಳಿಸುವ ನಿಯಂತ್ರಣ ರಿಜಿಸ್ಟರ್‌ಗಳು. ಇವು ಪ್ರೊಸೆಸರ್‌ನ ವಿಳಾಸ ವ್ಯಾಪ್ತಿಯಲ್ಲಿ ಸಾಮಾನ್ಯ ಸ್ಮೃತಿಯಂತೆಯೇ ಕಾಣಿಸುತ್ತವೆ. ನಿಗದಿತ ವಿಳಾಸದಲ್ಲಿ ನಿಗದಿತ ಬಿಟ್ ಒಂದನ್ನು ಬರೆದಾಗ ಸೀರಿಯಲ್ ಪೋರ್ಟ್, ಟೈಮರ್, ಚಿತ್ರ ಸಂಸ್ಕಾರಕ ಮೊದಲಾದ ಘಟಕಗಳು ಎಚ್ಚರಗೊಳ್ಳುತ್ತವೆ ಅಥವಾ ನಿದ್ರೆಗೆ ಜಾರುತ್ತವೆ. ಯಾವ ಘಟಕಕ್ಕೆ ಯಾವ ರಿಜಿಸ್ಟರ್, ಯಾವ ಬಿಟ್, ಯಾವ ಅನುಕ್ರಮ ಎಂಬುದನ್ನು ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್ ತಾನಾಗಿ ಕಂಡುಕೊಳ್ಳಲಾರದು. ಆದುದರಿಂದ ಈ ಮಾಹಿತಿಯನ್ನು ಘಟಕವಾರು ವಿವರಣೆಯಾಗಿ ಬರೆದು ಕರ್ನಲ್‌ಗೆ ಒದಗಿಸಬೇಕಾಗುತ್ತದೆ. ಈ ವಿವರಣೆಯಲ್ಲಿ ಒಂದು ಬಿಟ್ ತಪ್ಪಿದರೂ ಸಾಧನ ಚಾಲನೆಯಾಗದೆ ನಿಲ್ಲಬಹುದು, ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬರಿದಾಗಬಹುದು, ಅಥವಾ ಬರೆಯುತ್ತಿದ್ದ ದತ್ತಾಂಶ ನಡುವೆಯೇ ಕಳೆದುಹೋಗಬಹುದು.

ಹಿನ್ನೆಲೆ

ಮೇಜಿನ ಮೇಲಿನ ಗಣಕದಲ್ಲಿ ಪಿಸಿಐ ಬಸ್‌ಗೆ ಜೋಡಿಸಿದ ಪ್ರತಿಯೊಂದು ಕಾರ್ಡ್ ಕೇಳಿದಾಗ ತನ್ನ ತಯಾರಕರ ಸಂಖ್ಯೆಯನ್ನೂ ಸಾಧನದ ಸಂಖ್ಯೆಯನ್ನೂ ತಿಳಿಸುತ್ತದೆ. ವಿದ್ಯುತ್ ನಿರ್ವಹಣೆಯ ವಿವರಗಳನ್ನು ಎಸಿಪಿಐ ಎಂಬ ಮಾನಕದ ಮೂಲಕ ಮದರ್‌ಬೋರ್ಡ್‌ನ ಫರ್ಮ್‌ವೇರ್ ಒದಗಿಸುತ್ತದೆ. ಮೊಬೈಲ್ ಫೋನ್, ಸೆಟ್‌ಟಾಪ್ ಪೆಟ್ಟಿಗೆ, ಕಾರ್ಖಾನೆಯ ಯಂತ್ರ ನಿಯಂತ್ರಕ ಮುಂತಾದವುಗಳಲ್ಲಿ ಬಳಸುವ ಏಕಚಿಪ್ ವ್ಯವಸ್ಥೆಗಳಲ್ಲಿ (ಎಸ್‌ಒಸಿ) ಸಾಮಾನ್ಯವಾಗಿ ಇಂತಹ ಏರ್ಪಾಡು ಇರುವುದಿಲ್ಲ. ಹತ್ತಾರು ಘಟಕಗಳು ಒಂದೇ ಸಿಲಿಕಾನ್ ತುಂಡಿನ ಮೇಲಿರುತ್ತವೆ. ಪ್ರತಿಯೊಂದಕ್ಕೂ ಒಂದು ವಿಳಾಸವಿರುತ್ತದೆ. ಆ ವಿಳಾಸ ತಯಾರಕರ ಕೈಪಿಡಿಯಲ್ಲಿ ಮಾತ್ರ ದಾಖಲಾಗಿರುತ್ತದೆ.

ಇನ್ನೂ ದೊಡ್ಡ ತೊಡಕೆಂದರೆ, ಕ್ಲಾಕ್ ನಿಂತಿರುವ ಘಟಕವು ತಾನು ಅಲ್ಲಿದ್ದೇನೆ ಎಂದು ಹೇಳುವ ಸ್ಥಿತಿಯಲ್ಲಿಯೂ ಇರುವುದಿಲ್ಲ. ಅದರ ಗುರುತಿನ ರಿಜಿಸ್ಟರನ್ನು ಓದಬೇಕಾದರೂ ಮೊದಲು ಅದಕ್ಕೆ ಕ್ಲಾಕ್ ಕೊಡಬೇಕು. ಕ್ಲಾಕ್ ಕೊಡಬೇಕಾದರೆ ಬೇರೊಂದು ಕಡೆಯಿರುವ ನಿಯಂತ್ರಣ ರಿಜಿಸ್ಟರ್ ಯಾವುದೆಂದು ಮುಂಚಿತವಾಗಿಯೇ ತಿಳಿದಿರಬೇಕು. ಹೀಗಾಗಿ ಹುಡುಕಿ ಅರಿಯುವ ಮಾರ್ಗ ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಮುಚ್ಚಿಹೋಗುತ್ತದೆ.

ಕಾರ್ಯವಿಧಾನ

ಘಟಕವೊಂದು ಕೆಲಸ ಮಾಡಲು ಸಾಮಾನ್ಯವಾಗಿ ಮೂರು ಸಂಗತಿಗಳು ಕೂಡಿಬರಬೇಕು. ಅದು ಸೇರಿರುವ ವಿದ್ಯುತ್ ವಲಯಕ್ಕೆ ವೋಲ್ಟೇಜ್ ಇರಬೇಕು, ಅದಕ್ಕೆ ಕ್ಲಾಕ್ ತಲುಪುತ್ತಿರಬೇಕು, ಮತ್ತು ಅದರ ರೀಸೆಟ್ ತಂತಿ ಬಿಡುಗಡೆಯಾಗಿರಬೇಕು. ವೋಲ್ಟೇಜ್ ತೆಗೆದರೆ ಘಟಕದ ರಿಜಿಸ್ಟರ್‌ಗಳಲ್ಲಿದ್ದ ಮೌಲ್ಯಗಳೆಲ್ಲ ಅಳಿಸಿಹೋಗುತ್ತವೆ. ಕ್ಲಾಕ್ ಮಾತ್ರ ನಿಲ್ಲಿಸಿದರೆ ಮೌಲ್ಯಗಳು ಉಳಿಯುತ್ತವೆ, ಕೆಲಸ ನಿಲ್ಲುತ್ತದೆ. ರೀಸೆಟ್ ತಂತಿಯನ್ನು ಹಿಡಿದಿಟ್ಟರೆ ವಿದ್ಯುತ್ತೂ ಕ್ಲಾಕೂ ಇದ್ದಾಗ್ಯೂ ಘಟಕ ಆರಂಭಿಕ ಸ್ಥಿತಿಯಿಂದ ಕದಲುವುದಿಲ್ಲ. ಈ ಮೂರರ ಜೊತೆಗೆ ಅನೇಕ ಘಟಕಗಳು ತಮ್ಮೊಳಗೇ ಒಂದು ಸಂರಚನಾ ರಿಜಿಸ್ಟರನ್ನು ಹೊಂದಿರುತ್ತವೆ. ಅದರಲ್ಲಿನ ಒಂದು ಬಿಟ್ ಬರೆದು ಘಟಕವನ್ನು ತಂತ್ರಾಂಶದಿಂದಲೇ ರೀಸೆಟ್ ಮಾಡಬಹುದು. ಇದನ್ನು ಮೃದು ರೀಸೆಟ್ ಎಂದೂ, ಹೊರಗಿನ ತಂತಿಯಿಂದ ಆಗುವುದನ್ನು ಗಡಸು ರೀಸೆಟ್ ಎಂದೂ ಪ್ರತ್ಯೇಕಿಸಲಾಗುತ್ತದೆ.

ಬಿಟ್ ಬರೆದ ಕ್ಷಣದಲ್ಲಿಯೇ ಕಾರ್ಯ ಮುಗಿಯಿತೆಂದು ಭಾವಿಸುವಂತಿಲ್ಲ. ಕ್ಲಾಕ್ ತಲುಪಿ ಘಟಕ ಸಿದ್ಧವಾಗಲು ಸಮಯ ಹಿಡಿಯುತ್ತದೆ. ಆದುದರಿಂದ ಆಜ್ಞೆಯ ಬಿಟ್‌ಗೆ ಜೋಡಿಯಾಗಿ ಸ್ಥಿತಿಯ ಬಿಟ್ ಒಂದಿರುತ್ತದೆ. ಕರ್ನಲ್ ಅದನ್ನು ಮತ್ತೆ ಮತ್ತೆ ಓದಿ, ಘಟಕ ಸಿದ್ಧವೆಂದು ತಿಳಿದ ಬಳಿಕ ಮುಂದುವರಿಯುತ್ತದೆ. ಈ ಕಾಯುವಿಕೆಗೆ ಮಿತಿ ಇಡುವುದು ವಾಡಿಕೆ. ಮಿತಿಯಿಲ್ಲದೆ ಕಾದರೆ, ಕೆಟ್ಟುಹೋದ ಒಂದೇ ಘಟಕ ಇಡೀ ಯಂತ್ರದ ಆರಂಭವನ್ನು ತಡೆದು ನಿಲ್ಲಿಸಬಲ್ಲದು.

ಸಿದ್ಧವಾಗದ ಘಟಕವನ್ನು ಮುಟ್ಟಿದರೆ ಆಗುವ ಪರಿಣಾಮ ಚಿಪ್‌ನಿಂದ ಚಿಪ್‌ಗೆ ಬೇರೆಯಾಗಿದೆ. ಎಸ್‌ಟಿಎಂ32 ಶ್ರೇಣಿಯ ಮೈಕ್ರೋಕಂಟ್ರೋಲರ್‌ಗಳಲ್ಲಿ ಕ್ಲಾಕ್ ಇಲ್ಲದ ಘಟಕವನ್ನು ಓದಿದರೆ ಸಾಮಾನ್ಯವಾಗಿ ಸೊನ್ನೆ ಬರುತ್ತದೆ, ಬರೆದದ್ದು ಸದ್ದಿಲ್ಲದೆ ಮಾಯವಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆರ್ಮ್ ಚಿಪ್‌ಗಳಲ್ಲಿ ಬಸ್ ದೋಷ ಉಂಟಾಗಿ ಪ್ರೊಸೆಸರ್ ಆ ಕೆಲಸವನ್ನು ಅಲ್ಲಿಯೇ ಕಡಿದುಹಾಕುತ್ತದೆ. ಎರಡನೆಯದು ಕಠಿಣವಾಗಿ ತೋರಿದರೂ ದೋಷ ಪತ್ತೆಗೆ ಅದೇ ಮೇಲು. ಮೊದಲನೆಯದರಲ್ಲಿ ತಪ್ಪು ಎಲ್ಲಿ ನಡೆಯಿತೆಂದು ಹುಡುಕಲು ದಿನಗಳೇ ಬೇಕಾಗಬಹುದು.

ಸಿಂಪ್ಯೂಟರ್ ಮತ್ತು ಸ್ಟ್ರಾಂಗ್‌ಆರ್ಮ್

ಕರ್ನಾಟಕದಲ್ಲಿ ರೂಪುಗೊಂಡ ಎಂಬೆಡೆಡ್ ಲಿನಕ್ಸ್ ಸಾಧನಗಳಲ್ಲಿ ಸಿಂಪ್ಯೂಟರ್ ಹೆಸರಾದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರ್‌ಗಳೊಡಗೂಡಿ ಇದನ್ನು ರೂಪಿಸಿದರು. ಇದರ ಸಲುವಾಗಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಅಕ್ಷರಜ್ಞಾನ ಕಡಿಮೆಯಿರುವ ಗ್ರಾಮೀಣ ಬಳಕೆದಾರರೂ ಹಂಚಿಕೊಂಡು ಬಳಸಬಹುದಾದ ಅಂಗೈ ಗಣಕ ಇದರ ಗುರಿಯಾಗಿತ್ತು. 2004ರಲ್ಲಿ ಪಿಕೋಪೆಟಾ ಸಂಸ್ಥೆಯ ‘ಅಮಿದ’ ಸಿಂಪ್ಯೂಟರ್ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್‌ನ (ಬಿಇಎಲ್) ತಯಾರಿಕೆಯಲ್ಲಿ ಮಾರುಕಟ್ಟೆಗೆ ಬಂದಿತು.

ಸಿಂಪ್ಯೂಟರ್‌ನಲ್ಲಿದ್ದುದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್. ಅದರ ವೇಗ 206 ಮೆಗಾಹರ್ಟ್ಜ್. ವಿದ್ಯುತ್ ಸಂಪರ್ಕ ಸದಾ ಇರದ ಊರುಗಳಲ್ಲಿ ಬ್ಯಾಟರಿಯಿಂದ ನಡೆಯಬೇಕಾದ ಸಾಧನಕ್ಕೆ ನಿದ್ರೆಯ ಸ್ಥಿತಿ ಅಲಂಕಾರದ ಸೌಲಭ್ಯವಲ್ಲ, ಮೂಲ ಅಗತ್ಯ. ಎಸ್‌ಎ-1110ರಲ್ಲಿ ಈ ಕೆಲಸಕ್ಕೆ ಮೀಸಲಾದ ರಿಜಿಸ್ಟರ್‌ಗಳು ಬೆರಳೆಣಿಕೆಯಷ್ಟಿವೆ. ಹದಿನಾರರ ಮೂಲದ ಸಂಖ್ಯಾಪದ್ಧತಿಯಲ್ಲಿ (ಹೆಕ್ಸ್) 90020000 ಎಂಬ ವಿಳಾಸದಿಂದ ವಿದ್ಯುತ್ ನಿರ್ವಾಹಕದ ಎಂಟು ರಿಜಿಸ್ಟರ್‌ಗಳೂ, 90030000ರಿಂದ ರೀಸೆಟ್ ನಿಯಂತ್ರಕದ ಎರಡು ರಿಜಿಸ್ಟರ್‌ಗಳೂ ಇವೆ.

ನಿದ್ರೆಗೆ ಕಳುಹಿಸುವ ಕ್ರಮ ಹೀಗಿದೆ. ಯಾವ ಪಿನ್‌ಗಳು ಅಥವಾ ಗಡಿಯಾರದ ಯಾವ ಅಲಾರಂ ಎಚ್ಚರಿಸಬಹುದೆಂಬುದನ್ನು ಕರ್ನಲ್ ಎಚ್ಚರಿಕೆ ರಿಜಿಸ್ಟರ್‌ನಲ್ಲಿ ಬರೆಯುತ್ತದೆ. ನಿದ್ರೆಯ ವೇಳೆ ಪ್ರತಿಯೊಂದು ಪಿನ್ ಯಾವ ಮಟ್ಟದಲ್ಲಿ ನಿಲ್ಲಬೇಕೆಂಬುದು ಇನ್ನೊಂದು ರಿಜಿಸ್ಟರ್‌ನಲ್ಲಿರುತ್ತದೆ. ಮತ್ತೆ ಎದ್ದಾಗ ಎಲ್ಲಿಂದ ಮುಂದುವರಿಯಬೇಕೋ ಆ ವಿಳಾಸವನ್ನು 90020008ರಲ್ಲಿರುವ ಟಿಪ್ಪಣಿ ರಿಜಿಸ್ಟರ್‌ನಲ್ಲಿ ಇಡಲಾಗುತ್ತದೆ. ಡಿರ‍್ಯಾಮ್ ತನ್ನನ್ನು ತಾನೇ ನವೀಕರಿಸಿಕೊಳ್ಳುವ ಸ್ಥಿತಿಗೆ ಹೋಗುತ್ತದೆ. ಕೊನೆಗೆ ನಿಯಂತ್ರಣ ರಿಜಿಸ್ಟರ್‌ನ ಸೊನ್ನೆಯ ಬಿಟ್ ಬರೆದೊಡನೆ ಪ್ರೊಸೆಸರ್‌ನ ಮುಖ್ಯ ವೋಲ್ಟೇಜ್ ಕಡಿತಗೊಳ್ಳುತ್ತದೆ. ಗಡಿಯಾರ ಮತ್ತು ವಿದ್ಯುತ್ ನಿರ್ವಾಹಕ ಮಾತ್ರ ಜೀವಂತವಾಗಿರುತ್ತವೆ.

ಎಚ್ಚರಗೊಳ್ಳುವುದೆಂದರೆ ಪ್ರೊಸೆಸರ್‌ನ ದೃಷ್ಟಿಯಲ್ಲಿ ಹೊಸದಾಗಿ ಹುಟ್ಟಿದಂತೆಯೇ. ಅದು ಸೊನ್ನೆಯ ವಿಳಾಸದಿಂದ ಬೂಟ್‌ಲೋಡರನ್ನು ಓದತೊಡಗುತ್ತದೆ. ಬಳಕೆದಾರ ತೆರೆದಿಟ್ಟ ಕಡತ ಡಿರ‍್ಯಾಮ್‌ನಲ್ಲಿ ಇನ್ನೂ ಇದೆಯೆಂಬುದು ಬೂಟ್‌ಲೋಡರ್‌ಗೆ ಗೊತ್ತಾಗುವುದು 90030004ರಲ್ಲಿರುವ ರೀಸೆಟ್ ಸ್ಥಿತಿ ರಿಜಿಸ್ಟರ್‌ನಿಂದ. ಅದರ ನಾಲ್ಕು ಬಿಟ್‌ಗಳು ಕ್ರಮವಾಗಿ ಯಂತ್ರಾಂಶ ರೀಸೆಟ್, ತಂತ್ರಾಂಶ ರೀಸೆಟ್, ವಾಚ್‌ಡಾಗ್ ರೀಸೆಟ್ ಮತ್ತು ನಿದ್ರೆಯಿಂದ ಎದ್ದ ರೀಸೆಟ್ ಎಂಬುದನ್ನು ಸೂಚಿಸುತ್ತವೆ. ನಾಲ್ಕನೆಯ ಬಿಟ್ ಕಂಡರೆ ಬೂಟ್‌ಲೋಡರ್ ಸ್ಮೃತಿಯನ್ನು ಅಳಿಸದೆ, ಟಿಪ್ಪಣಿ ರಿಜಿಸ್ಟರ್‌ನಲ್ಲಿರುವ ವಿಳಾಸಕ್ಕೆ ನೆಗೆಯಬೇಕು. ಈ ಪರೀಕ್ಷೆಯನ್ನು ಮಾಡದ ಬೂಟ್‌ಲೋಡರ್ ಯಂತ್ರವನ್ನು ಮೊದಲಿನಿಂದ ಆರಂಭಿಸುತ್ತದೆ; ಉಳಿಸದ ಕೆಲಸವೆಲ್ಲ ಹೋಗುತ್ತದೆ. ಹಿಂದಿನ ಕಾರಣ ಮುಂದಿನ ಸಲಕ್ಕೆ ಗೊಂದಲವಾಗದಿರಲೆಂದು ಲಿನಕ್ಸ್ ಕರ್ನಲ್ ನಿದ್ರೆಗೆ ಹೋಗುವ ಮುನ್ನವೇ ನಾಲ್ಕೂ ಬಿಟ್‌ಗಳನ್ನು ತೊಳೆದಿಡುತ್ತದೆ.

ಈ ಚಿಪ್‌ನ ಮತ್ತೊಂದು ಗುಣ ಗಮನಾರ್ಹ. ಬ್ಯಾಟರಿ ದೋಷವನ್ನು ಸೂಚಿಸುವ ಪಿನ್ ಎಚ್ಚೆತ್ತರೆ, ಕರ್ನಲ್ ಅಪ್ಪಣೆಗೆ ಕಾಯದೆ ಚಿಪ್ ತಾನಾಗಿಯೇ ನಿದ್ರೆಗೆ ಜಾರುತ್ತದೆ. ಹಾಗೆ ಜಾರಿದ್ದು ಬ್ಯಾಟರಿ ದೋಷದಿಂದಲೋ, ವೋಲ್ಟೇಜ್ ದೋಷದಿಂದಲೋ, ತಂತ್ರಾಂಶದ ಆಜ್ಞೆಯಿಂದಲೋ ಎಂಬುದು ನಿದ್ರಾ ಸ್ಥಿತಿ ರಿಜಿಸ್ಟರ್‌ನ ಬೇರೆ ಬೇರೆ ಬಿಟ್‌ಗಳಲ್ಲಿ ದಾಖಲಾಗುತ್ತದೆ.

ಓಮ್ಯಾಪ್ ಮತ್ತು ಎಚ್‌ಡಬ್ಲ್ಯುಮಾಡ್

ಎಸ್‌ಎ-1110ರ ವಿದ್ಯುತ್ ನಿರ್ವಹಣೆ ಬಹುಮಟ್ಟಿಗೆ ಇಡೀ ಚಿಪ್‌ಗೆ ಸಂಬಂಧಿಸಿದ್ದು. ನಂತರದ ದಶಕದ ಮೊಬೈಲ್ ಚಿಪ್‌ಗಳಲ್ಲಿ ಈ ಸರಳತೆ ಉಳಿಯಲಿಲ್ಲ. 1985ರಿಂದ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ಹೊಂದಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಓಮ್ಯಾಪ್ ಶ್ರೇಣಿ ಇದಕ್ಕೆ ಒಳ್ಳೆಯ ನಿದರ್ಶನ. ಈ ಚಿಪ್‌ಗಳಲ್ಲಿ ವಿದ್ಯುತ್, ರೀಸೆಟ್ ಮತ್ತು ಕ್ಲಾಕ್ ನಿರ್ವಹಣೆಯನ್ನು ಒಟ್ಟಾಗಿ ನೋಡಿಕೊಳ್ಳುವ ವಿಭಾಗವನ್ನು ಪಿಆರ್‌ಸಿಎಂ ಎಂದು ಕರೆಯಲಾಗುತ್ತದೆ. ಓಮ್ಯಾಪ್3ರಲ್ಲಿ ಒಂದೇ ರಿಜಿಸ್ಟರ್‌ನ ಬಿಟ್‌ಗಳು ಅನೇಕ ಘಟಕಗಳಿಗೆ ಹಂಚಿಕೆಯಾಗಿದ್ದವು. ಘಟಕದ ಸ್ವಂತ ಕೆಲಸಕ್ಕೆ ಒಂದು ಕ್ಲಾಕ್, ಬಸ್‌ನೊಡನೆ ಮಾತನಾಡಲು ಇನ್ನೊಂದು ಕ್ಲಾಕ್. ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್. ಓಮ್ಯಾಪ್4 ಮತ್ತು ಅದರ ಮಾದರಿಯನ್ನು ಅನುಸರಿಸಿದ ಎಎಂ335ಎಕ್ಸ್ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಘಟಕಕ್ಕೂ ಪ್ರತ್ಯೇಕ ಕ್ಲಾಕ್ ನಿಯಂತ್ರಣ ರಿಜಿಸ್ಟರ್ ಬಂದಿತು.

ಕಡಿಮೆ ಬೆಲೆಯ ಬೀಗಲ್‌ಬೋನ್ ಬ್ಲ್ಯಾಕ್ ಫಲಕದ ಮೂಲಕ ವಿದ್ಯಾರ್ಥಿಗಳಿಗೆ ಪರಿಚಿತವಾದ ಎಎಂ335ಎಕ್ಸ್‌ನಲ್ಲಿ ಈ ರಿಜಿಸ್ಟರ್‌ನ ಕೊನೆಯ ಎರಡು ಬಿಟ್‌ಗಳು ಆಜ್ಞೆಗೆ ಮೀಸಲು: ಸೊನ್ನೆ ಎಂದರೆ ನಿಲ್ಲಿಸು, ಎರಡು ಎಂದರೆ ನಡೆಸು. ಹದಿನಾರು ಮತ್ತು ಹದಿನೇಳನೆಯ ಬಿಟ್‌ಗಳು ಸ್ಥಿತಿಯನ್ನು ಹೇಳುತ್ತವೆ. ಅಲ್ಲಿ ಸೊನ್ನೆ ಬಂದರೆ ಘಟಕ ಸಿದ್ಧ, ಒಂದು ಬಂದರೆ ಬದಲಾವಣೆ ನಡೆಯುತ್ತಿದೆ, ಎರಡು ಬಂದರೆ ಬಸ್ ಸಂಪರ್ಕ ವಿಶ್ರಾಂತಿಯಲ್ಲಿದೆ, ಮೂರು ಬಂದರೆ ಘಟಕ ನಿಂತಿದೆ. ಆಜ್ಞೆಯಲ್ಲಿ ಸೊನ್ನೆಗೆ ಒಂದು ಅರ್ಥ, ಸ್ಥಿತಿಯಲ್ಲಿ ಸೊನ್ನೆಗೆ ಅದಕ್ಕೆ ವಿರುದ್ಧವಾದ ಅರ್ಥ ಇರುವುದು ಕೈಪಿಡಿಯನ್ನು ಮೊದಲ ಬಾರಿ ಓದುವವರನ್ನು ಎಡವಿಸುತ್ತದೆ.

ಫಲಕದ ನಾಲ್ಕು ಸಣ್ಣ ದೀಪಗಳು ಜಿಪಿಐಒ1 ಎಂಬ ಘಟಕಕ್ಕೆ ಸೇರಿವೆ. ಚಿಪ್‌ನ ವಿಳಾಸಗಳನ್ನು ನೇರವಾಗಿ ತೆರೆದು ಪಿನ್‌ಗಳನ್ನು ಆಡಿಸುವ ಪ್ರಯೋಗದಲ್ಲಿ ಈ ದೀಪಗಳು ಬೆಳಗಿ, ಅದೇ ಕ್ರಮವಿಧಿಯನ್ನು ಬೇರೊಂದು ಜಿಪಿಐಒ ಘಟಕಕ್ಕೆ ಅನ್ವಯಿಸಿದೊಡನೆ ‘ಬಸ್ ದೋಷ’ ಎಂಬ ಸಂದೇಶದೊಂದಿಗೆ ಕ್ರಮವಿಧಿ ಸಾಯುವುದುಂಟು. ಕ್ರಮವಿಧಿಯಲ್ಲಿ ಲೋಪವಿಲ್ಲ. ದೀಪಗಳಿಗಾಗಿ ಕರ್ನಲ್ ಮೊದಲನೆಯ ಘಟಕವನ್ನು ಎಚ್ಚರವಾಗಿಟ್ಟಿರುತ್ತದೆ. ಯಾರೂ ಬಳಸದ ಇನ್ನೊಂದರ ಕ್ಲಾಕನ್ನು ಉಳಿತಾಯಕ್ಕಾಗಿ ನಿಲ್ಲಿಸಿರುತ್ತದೆ.

ಘಟಕದೊಳಗಿನ ಸಂರಚನಾ ರಿಜಿಸ್ಟರ್ ಪಿಆರ್‌ಸಿಎಂನೊಡನೆ ನಡೆಸುವ ಸಂವಾದ ಈ ವ್ಯವಸ್ಥೆಯ ಅತ್ಯಂತ ಸೂಕ್ಷ್ಮವಾದ ಭಾಗ. ಒಳಗೆ ಕೆಲಸ ಮಾಡುತ್ತಿರುವವರನ್ನು ಕೇಳದೆ ಕೋಣೆಯ ದೀಪ ಆರಿಸುವಂತಿಲ್ಲವಷ್ಟೆ. ಹಾಗೆಯೇ ಪಿಆರ್‌ಸಿಎಂ ಕ್ಲಾಕ್ ನಿಲ್ಲಿಸುವ ಮುನ್ನ ಘಟಕದ ಒಪ್ಪಿಗೆ ಕೇಳುತ್ತದೆ. ಘಟಕ ಹೇಗೆ ಉತ್ತರಿಸಬೇಕೆಂಬುದನ್ನು ಸಂರಚನಾ ರಿಜಿಸ್ಟರ್‌ನ ಎರಡು ಬಿಟ್‌ಗಳು ನಿರ್ಧರಿಸುತ್ತವೆ. ಸೊನ್ನೆ ಬರೆದರೆ ಘಟಕ ಕೆಲಸದ ನಡುವೆಯೂ ಒಡನೆಯೇ ಒಪ್ಪುತ್ತದೆ, ಆಗ ಸಾಗಿಸುತ್ತಿದ್ದ ದತ್ತಾಂಶ ಅರ್ಧಕ್ಕೆ ನಿಲ್ಲಬಹುದು. ಒಂದು ಬರೆದರೆ ಎಂದೂ ಒಪ್ಪುವುದಿಲ್ಲ. ಎರಡು ಬರೆದರೆ ಕೈಯಲ್ಲಿರುವ ಕೆಲಸ ಮುಗಿಸಿ ಒಪ್ಪುತ್ತದೆ. ಕೆಲವು ಘಟಕಗಳಲ್ಲಿ ಮೂರನ್ನು ಬರೆದರೆ, ನಿದ್ರೆಯಲ್ಲಿದ್ದಾಗಲೂ ಹೊರಗಿನ ಕರೆಗೆ ಎದ್ದೇಳುವ ಸಾಮರ್ಥ್ಯ ಉಳಿಯುತ್ತದೆ. ಒಂದು ಕ್ಲಾಕ್ ವಲಯ ಮಲಗಬೇಕಾದರೆ ಅದರಲ್ಲಿರುವ ಘಟಕಗಳೆಲ್ಲ ಒಪ್ಪಬೇಕು. ಎಂದೂ ಒಪ್ಪದ ಒಂದೇ ಘಟಕವಿದ್ದರೂ ವಲಯವಿಡೀ ಎಚ್ಚರವಾಗಿರುತ್ತದೆ. ಜೇಬಿನಲ್ಲಿಟ್ಟ ಫೋನಿನ ಬ್ಯಾಟರಿ ಬೆಳಗಾಗುವುದರೊಳಗೆ ಬರಿದಾಗಲು ಇಷ್ಟು ಸಾಕು. ದೋಷ ಯಾವ ಘಟಕದ್ದೆಂದು ಹೊರಗಿನಿಂದ ತಿಳಿಯುವುದಿಲ್ಲ.

ಇಂತಹ ವಿವರಗಳು ಬಹುಕಾಲ ಆಯಾ ಘಟಕದ ಚಾಲಕ ತಂತ್ರಾಂಶದೊಳಗೆ ಚದುರಿಹೋಗಿದ್ದವು. 2009ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಎಚ್‌ಡಬ್ಲ್ಯುಮಾಡ್ ಎಂಬ ಚೌಕಟ್ಟು ಇದನ್ನು ಒಂದೆಡೆ ತಂದಿತು. ಆಗ ನೋಕಿಯಾಗಾಗಿ ಕೆಲಸ ಮಾಡುತ್ತಿದ್ದ ಪಾಲ್ ವಾಮ್ಸ್‌ಲಿ ಇದರ ಮುಖ್ಯ ಕರ್ತೃ. ಕಡತದ ಶಿರೋಭಾಗದಲ್ಲಿ ಬೆನ್ವಾ ಕೂಸೋ, ಕೆವಿನ್ ಹಿಲ್ಮನ್ ಅವರ ಹೆಸರುಗಳೊಂದಿಗೆ ಸಹಕರಿಸಿದ ಹಲವು ಭಾರತೀಯ ಎಂಜಿನಿಯರ್‌ಗಳ ಹೆಸರುಗಳೂ ಇವೆ. ಪ್ರತಿ ಘಟಕಕ್ಕೂ ಅದರ ಕ್ಲಾಕ್, ಪಿಆರ್‌ಸಿಎಂ ರಿಜಿಸ್ಟರ್‌ನ ಸ್ಥಾನ, ಗಡಸು ರೀಸೆಟ್ ತಂತಿಗಳು, ಸಂರಚನಾ ರಿಜಿಸ್ಟರ್‌ನ ರಚನೆ, ಸೇರಿದ ಬಸ್ ಇವುಗಳನ್ನು ಒಂದು ಕೋಷ್ಟಕದಂತೆ ದಾಖಲಿಸಲಾಯಿತು. ಕೋಷ್ಟಕವನ್ನು ಓದಿ ನಡೆದುಕೊಳ್ಳುವ ತರ್ಕ ಮಾತ್ರ ಎಲ್ಲ ಘಟಕಗಳಿಗೂ ಒಂದೇ. ಓಮ್ಯಾಪ್4ರ ಕೋಷ್ಟಕವನ್ನು ಕೈಯಿಂದ ಬರೆಯದೆ, ಚಿಪ್ ವಿನ್ಯಾಸದ ದತ್ತಸಂಚಯದಿಂದ ಸ್ವಯಂಚಾಲಿತವಾಗಿ ಉತ್ಪಾದಿಸಲಾಯಿತು. ಸಾವಿರಾರು ಸಾಲುಗಳ ಇಂತಹ ಕಡತದಲ್ಲಿ ಕಣ್ತಪ್ಪುಗಳನ್ನು ತಡೆಯಲು ಅದಕ್ಕಿಂತ ಉತ್ತಮ ಉಪಾಯವಿರಲಿಲ್ಲ.

ಅಪವಾದಗಳು

ಒಂದೇ ತರ್ಕ ಎಲ್ಲದಕ್ಕೂ ಹೊಂದುವುದಾಗಿದ್ದರೆ ಕೋಷ್ಟಕ ಚಿಕ್ಕದಾಗಿರುತ್ತಿತ್ತು. ವಾಸ್ತವದಲ್ಲಿ ಅದರ ಬಹುಪಾಲು ಮೌಲ್ಯ ಅಪವಾದಗಳಲ್ಲಿದೆ. ಸಂರಚನಾ ರಿಜಿಸ್ಟರ್ ಎಲ್ಲ ಘಟಕಗಳಲ್ಲಿಯೂ ಒಂದೇ ಸ್ಥಾನದಲ್ಲಿಲ್ಲ. ಎಎಂ335ಎಕ್ಸ್‌ನ ಜಿಪಿಐಒ ಘಟಕದಲ್ಲಿ ಅದು ಹೆಕ್ಸ್ 10ರಲ್ಲಿಯೂ, ರೀಸೆಟ್ ಮುಗಿದುದನ್ನು ತಿಳಿಸುವ ರಿಜಿಸ್ಟರ್ ಹೆಕ್ಸ್ 114ರಲ್ಲಿಯೂ ಇದ್ದರೆ, ಸೀರಿಯಲ್ ಪೋರ್ಟ್‌ನಲ್ಲಿ ಅವು ಅನುಕ್ರಮವಾಗಿ 54 ಮತ್ತು 58ರಲ್ಲಿವೆ. ಐ2ಸಿ ಘಟಕದಲ್ಲಿ 10 ಮತ್ತು 90.

ಓಮ್ಯಾಪ್2 ಮತ್ತು ಓಮ್ಯಾಪ್3ರ ಐ2ಸಿ ಘಟಕಕ್ಕೆ ತನ್ನದೇ ಹಟವಿದೆ. ಅದನ್ನು ಮೊದಲು ನಿಷ್ಕ್ರಿಯಗೊಳಿಸಿ, ಮೃದು ರೀಸೆಟ್ ಬಿಟ್ ಬರೆದು, ಮತ್ತೆ ಸಕ್ರಿಯಗೊಳಿಸಿದ ಬಳಿಕವೇ ರೀಸೆಟ್ ಮುಗಿದ ಸೂಚನೆ ಬರುತ್ತದೆ. ಬೇರೆ ಘಟಕಗಳಂತೆ ಬಿಟ್ ಬರೆದು ಸುಮ್ಮನೆ ಕಾದರೆ ಕಾಯುವಿಕೆ ಕೊನೆಗಾಣದು. ಮತ್ತೆ ಕೆಲವು ಘಟಕಗಳು ರೀಸೆಟ್ ಆಜ್ಞೆಯ ನಂತರ 2 ಮೈಕ್ರೋಸೆಕೆಂಡ್ ಯಾರೂ ತಮ್ಮನ್ನು ಮುಟ್ಟಬಾರದೆಂದು ಬಯಸುತ್ತವೆ.

ವಾಚ್‌ಡಾಗ್ ಟೈಮರ್‌ನದು ಇನ್ನೂ ವಿಚಿತ್ರವಾದ ಪ್ರಕರಣ. ನಿಗದಿತ ಅವಧಿಯಲ್ಲಿ ತಂತ್ರಾಂಶದಿಂದ ಸುದ್ದಿ ಬಾರದಿದ್ದರೆ ಇಡೀ ಚಿಪ್ಪನ್ನು ರೀಸೆಟ್ ಮಾಡುವುದು ಅದರ ಕೆಲಸ. ಓಮ್ಯಾಪ್‌ನಲ್ಲಿ ಈ ಟೈಮರನ್ನು ರೀಸೆಟ್ ಮಾಡಿದರೆ ಅದು ನಿಂತ ಸ್ಥಿತಿಗೆ ಬರುವುದಿಲ್ಲ, ಓಡುವ ಸ್ಥಿತಿಗೆ ಬರುತ್ತದೆ. ಆರಂಭದಲ್ಲಿ ಎಲ್ಲ ಘಟಕಗಳನ್ನೂ ಶುಚಿಗೊಳಿಸುವ ಸದುದ್ದೇಶದಿಂದ ಕರ್ನಲ್ ಇದನ್ನೂ ರೀಸೆಟ್ ಮಾಡಿ ಮರೆತರೆ, ಸ್ವಲ್ಪ ಹೊತ್ತಿನ ಬಳಿಕ ಯಂತ್ರ ಕಾರಣವಿಲ್ಲದೆ ಎಂಬಂತೆ ಮರುಚಾಲನೆಯಾಗುತ್ತದೆ. ಆದುದರಿಂದ ರೀಸೆಟ್ ಆದ ಕೂಡಲೇ ಎರಡು ನಿಗದಿತ ಮೌಲ್ಯಗಳನ್ನು ಒಂದರ ಹಿಂದೊಂದು ಬರೆದು ಅದನ್ನು ನಿಲ್ಲಿಸುವ ವಿಶೇಷ ವಿಧಿಯನ್ನು ಎಚ್‌ಡಬ್ಲ್ಯುಮಾಡ್‌ನಲ್ಲಿ ಸೇರಿಸಲಾಯಿತು.

ರೀಸೆಟ್ ಮಾಡಲೇಬಾರದ ಘಟಕಗಳೂ ಇವೆ. ಎಎಂ335ಎಕ್ಸ್ ಸ್ಟಾರ್ಟರ್ ಕಿಟ್ ಫಲಕದಲ್ಲಿ ಡಿಡಿಆರ್ ಸ್ಮೃತಿಗೆ ಬೇಕಾದ ಸಮಾಪ್ತಿ ವೋಲ್ಟೇಜನ್ನು ನಿಯಂತ್ರಿಸುವುದು ಜಿಪಿಐಒ0ರ ಒಂದು ಪಿನ್. ಈ ಘಟಕವನ್ನು ರೀಸೆಟ್ ಮಾಡಿದರೆ ಪಿನ್ ತನ್ನ ಮೂಲಸ್ಥಿತಿಗೆ ಮರಳಿ ಸ್ಮೃತಿಯ ಆಧಾರವೇ ಕಳಚುತ್ತದೆ. ಕರ್ನಲ್ ತಾನು ಕುಳಿತ ಕೊಂಬೆಯನ್ನೇ ಕಡಿದಂತಾಗುತ್ತದೆ. ಚಿಪ್‌ನ ಕೈಪಿಡಿಯನ್ನು ಎಷ್ಟು ಓದಿದರೂ ಇದು ತಿಳಿಯುವುದಿಲ್ಲ, ಏಕೆಂದರೆ ಇದು ಚಿಪ್‌ನ ಗುಣವಲ್ಲ, ಫಲಕದ ವಿನ್ಯಾಸದ ಗುಣ. ಅದನ್ನು ಆ ಫಲಕದ ವಿವರಣೆಯಲ್ಲಿಯೇ ‘ಆರಂಭದಲ್ಲಿ ರೀಸೆಟ್ ಬೇಡ’ ಎಂಬ ಗುರುತಿನಿಂದ ದಾಖಲಿಸಲಾಗಿದೆ.

ಗಡಸು ರೀಸೆಟ್ ತಂತಿಗಳಲ್ಲಿ ತೊಡಕು ಇದಕ್ಕೆ ವಿರುದ್ಧ ದಿಕ್ಕಿನದು. ಎಎಂ335ಎಕ್ಸ್‌ನ ಪಿಆರ್‌ಯು ಉಪಪ್ರೊಸೆಸರ್‌ಗಳು, ಚಿತ್ರ ಸಂಸ್ಕಾರಕ ಮತ್ತು ನಿದ್ರೆಯ ನಿರ್ವಹಣೆಗೆ ಮೀಸಲಾದ ಕಾರ್ಟೆಕ್ಸ್-ಎಂ3 ಪ್ರೊಸೆಸರ್ ಇವು ವಿದ್ಯುತ್ ಬಂದಾಗ ರೀಸೆಟ್‌ನಲ್ಲಿಯೇ ಹಿಡಿಯಲ್ಪಟ್ಟಿರುತ್ತವೆ. ಕ್ಲಾಕ್ ಕೊಟ್ಟು ಸ್ಥಿತಿಯ ಬಿಟ್ ಸಿದ್ಧವೆನ್ನಲು ಕಾಯುತ್ತಾ ಕುಳಿತರೆ ಅದು ಸಿದ್ಧವಾಗುವುದೇ ಇಲ್ಲ, ಏಕೆಂದರೆ ರೀಸೆಟ್‌ನಲ್ಲಿರುವ ಘಟಕ ಉತ್ತರಿಸಲಾರದು. ಮೊದಲು ಕ್ಲಾಕ್ ಕೊಟ್ಟು, ನಂತರ ರೀಸೆಟ್ ತಂತಿಯನ್ನು ಬಿಟ್ಟು, ಆಮೇಲೆ ಸ್ಥಿತಿಯನ್ನು ಪರೀಕ್ಷಿಸಬೇಕು. ಕಾರ್ಟೆಕ್ಸ್-ಎಂ3ರ ವಿಷಯದಲ್ಲಿ ಫರ್ಮ್‌ವೇರ್ ತುಂಬುವ ಮೊದಲು ತಂತಿಯನ್ನು ಬಿಡುವಂತಿಲ್ಲ. ಬಿಟ್ಟರೆ ಅದು ಸ್ಮೃತಿಯಲ್ಲಿರುವ ಕಸವನ್ನೇ ಆದೇಶಗಳೆಂದು ಓದತೊಡಗುತ್ತದೆ.

ಡಿವೈಸ್ ಟ್ರೀಗೆ ಪರಿವರ್ತನೆ

ಪ್ರತಿಯೊಂದು ಆರ್ಮ್ ಚಿಪ್‌ಗೂ ಫಲಕಕ್ಕೂ ಕರ್ನಲ್‌ನೊಳಗೆ ಸಿ ಭಾಷೆಯ ಕಡತಗಳು ಬೆಳೆಯುತ್ತಾ ಹೋದದ್ದರ ಬಗ್ಗೆ 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ಆ ಬಳಿಕ ಯಂತ್ರಾಂಶದ ವಿವರಣೆಯನ್ನು ಕರ್ನಲ್‌ನಿಂದ ಬೇರ್ಪಡಿಸಿ ಡಿವೈಸ್ ಟ್ರೀ ಎಂಬ ಪಠ್ಯರೂಪಕ್ಕೆ ಸಾಗಿಸುವ ಕೆಲಸ ಚುರುಕಾಯಿತು. ಕ್ಲಾಕ್‌ಗಳಿಗೆ ಸಾಮಾನ್ಯ ಚೌಕಟ್ಟು 2012ರಲ್ಲಿ, ರೀಸೆಟ್ ನಿಯಂತ್ರಕಗಳಿಗೆ ಸಾಮಾನ್ಯ ಚೌಕಟ್ಟು 2013ರಲ್ಲಿ ಸೇರಿದವು. ಘಟಕ ಬಳಕೆಯಲ್ಲಿಲ್ಲದಾಗ ಮಲಗಿಸುವ ‘ರನ್‌ಟೈಮ್’ ವಿದ್ಯುತ್ ನಿರ್ವಹಣೆ 2009ರಲ್ಲಿಯೇ ಬಂದಿತ್ತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್‌ಗಳ ವಿಷಯದಲ್ಲಿ ಟೋನಿ ಲಿಂಡ್‌ಗ್ರೆನ್ ಬರೆದ ‘ಟಿಐ-ಸಿಸ್ಕ್’ ಬಸ್ ಚಾಲಕ ಎಚ್‌ಡಬ್ಲ್ಯುಮಾಡ್‌ನ ಸ್ಥಾನವನ್ನು ಕ್ರಮೇಣ ತುಂಬಿತು. ಘಟಕದ ಗುರುತು, ಸಂರಚನೆ ಮತ್ತು ಸ್ಥಿತಿ ಈ ಮೂರು ರಿಜಿಸ್ಟರ್‌ಗಳ ಸ್ಥಾನ, ಅನುಮತಿಸಿದ ವಿಶ್ರಾಂತಿ ವಿಧಾನಗಳು, ಕ್ಲಾಕ್, ರೀಸೆಟ್ ತಂತಿ ಎಲ್ಲವೂ ಈಗ ಡಿವೈಸ್ ಟ್ರೀಯ ಸಾಲುಗಳು. 2021ರ ವೇಳೆಗೆ ಎಎಂ335ಎಕ್ಸ್, ಓಮ್ಯಾಪ್4 ಮೊದಲಾದವುಗಳ ಹಳೆಯ ಕೋಷ್ಟಕಗಳನ್ನು ಕರ್ನಲ್‌ನಿಂದ ತೆಗೆದುಹಾಕಲಾಯಿತು. ತಪ್ಪು ಬರೆದರೆ ಆಗುವ ಹಾನಿ ಮಾತ್ರ ಕಡಿಮೆಯಾಗಿಲ್ಲ. ಡಿವೈಸ್ ಟ್ರೀಯಲ್ಲಿ ತಪ್ಪಾದ ಸ್ಥಾನಸಂಖ್ಯೆಯನ್ನು ಸಂಕಲಕ ಪತ್ತೆಹಚ್ಚುವುದಿಲ್ಲ.

ಪ್ರಯೋಗಾಲಯದ ಚಿಪ್‌ಗಳಲ್ಲಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಎಲ್‌ಪಿಸಿ2148 ಮತ್ತು ಎಲ್‌ಪಿಸಿ1768 ಮೈಕ್ರೋಕಂಟ್ರೋಲರ್‌ಗಳಲ್ಲಿಯೂ ಇದೇ ತತ್ವದ ಸರಳ ರೂಪವಿದೆ. ಅವುಗಳಲ್ಲಿ ಪಿಕಾನ್‌ಪಿ ಎಂಬ ಒಂದೇ ರಿಜಿಸ್ಟರ್‌ನ ಒಂದೊಂದು ಬಿಟ್ ಒಂದೊಂದು ಘಟಕವನ್ನು ಆಳುತ್ತದೆ. ಎಲ್‌ಪಿಸಿ1768ರಲ್ಲಿ ರೀಸೆಟ್ ನಂತರ ಯುಆರ್ಟ್0, ಟೈಮರ್0 ಮುಂತಾದವು ಎಚ್ಚರವಾಗಿಯೇ ಇರುತ್ತವೆ; ಯುಆರ್ಟ್2, ಯುಆರ್ಟ್3, ಟೈಮರ್2, ಟೈಮರ್3 ಮತ್ತು ಎಡಿಸಿ ಮಲಗಿರುತ್ತವೆ. ಯುಆರ್ಟ್0ಕ್ಕೆ ಬರೆದ ಕ್ರಮವಿಧಿಯನ್ನು ವಿಳಾಸ ಬದಲಿಸಿ ಯುಆರ್ಟ್2ಕ್ಕೆ ಒಯ್ದಾಗ ಅದು ಮೌನವಾಗುವುದಕ್ಕೆ ಸಾಮಾನ್ಯ ಕಾರಣ ಇದೇ. ಎಡಿಸಿಗೆ ಹನ್ನೆರಡನೆಯ ಬಿಟ್ ಮಾತ್ರ ಸಾಲದು. ಅದನ್ನು ಬರೆದ ಮೇಲೆ ಎಡಿಸಿಯ ಸ್ವಂತ ನಿಯಂತ್ರಣ ರಿಜಿಸ್ಟರ್‌ನಲ್ಲಿರುವ ಇನ್ನೊಂದು ಬಿಟ್ಟನ್ನೂ ಬರೆಯಬೇಕು. ಮಲಗಿಸುವಾಗ ಈ ಕ್ರಮವನ್ನು ತಿರುವುಮುರುವು ಮಾಡಬೇಕು.

ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2040 ಚಿಪ್ ಇನ್ನೊಂದು ನೀತಿಯನ್ನು ಅನುಸರಿಸುತ್ತದೆ. ಅಲ್ಲಿ ಬಹುತೇಕ ಘಟಕಗಳು ಆರಂಭದಲ್ಲಿ ರೀಸೆಟ್‌ನಲ್ಲಿರುತ್ತವೆ. ಬೇಕಾದುದರ ಬಿಟ್ ಅಳಿಸಿ, ‘ರೀಸೆಟ್ ಮುಗಿಯಿತು’ ಎಂಬ ಜೋಡಿ ರಿಜಿಸ್ಟರ್‌ನಲ್ಲಿ ಅದೇ ಬಿಟ್ ಕಾಣಿಸುವವರೆಗೆ ಕಾಯಬೇಕು.

ರೀಸೆಟ್ ಕಾರಣದ ದಾಖಲೆ

ರೀಸೆಟ್ ಮಾಡುವ ರಿಜಿಸ್ಟರ್‌ಗಳಷ್ಟೇ ಮುಖ್ಯವಾದುದು ರೀಸೆಟ್ ಏಕಾಯಿತೆಂದು ನೆನಪಿಡುವ ರಿಜಿಸ್ಟರ್. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂತಹ ಕಡೆ ಕಾರ್ಖಾನೆಯ ಗೋಡೆಗೆ ತೂಗುಹಾಕಿದ ನಿಯಂತ್ರಕವಾಗಲಿ, ಕನಕಪುರದ ಸುತ್ತಲಿನ ತೋಟಗಳಲ್ಲಿ ಕೊಳವೆಬಾವಿ ಪಂಪ್‌ಸೆಟ್‌ಗೆ ಜೋಡಿಸುವ ಮೊಬೈಲ್ ಸ್ಟಾರ್ಟರ್ ಆಗಲಿ, ಯಾರೂ ಎದುರಿಗೆ ಇಲ್ಲದಿರುವಾಗ ಮರುಚಾಲನೆಗೊಂಡರೆ ಕಾರಣವನ್ನು ಹೇಳಬಲ್ಲ ಸಾಕ್ಷಿ ಇದೊಂದೇ. ವಿದ್ಯುತ್ ಹೋಗಿ ಬಂದಿತೇ, ಮೋಟಾರ್ ಆರಂಭವಾದಾಗ ವೋಲ್ಟೇಜ್ ಕುಸಿಯಿತೇ, ತಂತ್ರಾಂಶ ಸಿಕ್ಕಿಬಿದ್ದು ವಾಚ್‌ಡಾಗ್ ಕಡಿಯಿತೇ ಎಂಬುದರ ಮೇಲೆ ದುರಸ್ತಿಯ ದಾರಿ ಬೇರೆಯಾಗುತ್ತದೆ. ಮೊದಲಿನ ಎರಡಕ್ಕೆ ವಿದ್ಯುತ್ ಪೂರೈಕೆಯನ್ನು ನೋಡಬೇಕು, ಮೂರನೆಯದಕ್ಕೆ ತಂತ್ರಾಂಶವನ್ನು.

ಎಲ್‌ಪಿಸಿ1768ರಲ್ಲಿ ಇದಕ್ಕೆ ನಾಲ್ಕು ಬಿಟ್‌ಗಳಿವೆ: ವಿದ್ಯುತ್ ಬಂದ ರೀಸೆಟ್, ಹೊರಗಿನ ಪಿನ್, ವಾಚ್‌ಡಾಗ್, ವೋಲ್ಟೇಜ್ ಕುಸಿತ. ಎಎಂ335ಎಕ್ಸ್‌ನಲ್ಲಿ ಶೀತ ರೀಸೆಟ್ ಸೊನ್ನೆಯ ಬಿಟ್‌ನಲ್ಲಿಯೂ, ತಂತ್ರಾಂಶದ ಬೆಚ್ಚಗಿನ ರೀಸೆಟ್ ಒಂದನೆಯದರಲ್ಲಿಯೂ, ವಾಚ್‌ಡಾಗ್ ನಾಲ್ಕನೆಯದರಲ್ಲಿಯೂ, ಹೊರಗಿನ ಬೆಚ್ಚಗಿನ ರೀಸೆಟ್ ಐದನೆಯದರಲ್ಲಿಯೂ ದಾಖಲಾಗುತ್ತವೆ. ಶೀತ ರೀಸೆಟ್ ಚಿಪ್ಪನ್ನು ವಿದ್ಯುತ್ ಹೊಸದಾಗಿ ಬಂದ ಸ್ಥಿತಿಗೆ ತರುತ್ತದೆ. ಬೆಚ್ಚಗಿನ ರೀಸೆಟ್ ಕೆಲವು ಭಾಗಗಳನ್ನು ಮುಟ್ಟದೆ ಬಿಡುತ್ತದೆ. ಈ ಬಿಟ್‌ಗಳು ತಾವಾಗಿ ಅಳಿಯುವುದಿಲ್ಲ, ಒಂದನ್ನು ಬರೆದು ಅಳಿಸಬೇಕು. ಅಳಿಸದಿದ್ದರೆ ಹಳೆಯ ಕಾರಣ ಹೊಸದರೊಡನೆ ಬೆರೆತು ಎರಡೂ ನಿಜವೆಂಬಂತೆ ತೋರುತ್ತವೆ. ಬೂಟ್‌ಲೋಡರ್ ಬೇಗನೆ ಅಳಿಸಿಬಿಟ್ಟರೆ ಕರ್ನಲ್ ಎದ್ದೇಳುವ ಹೊತ್ತಿಗೆ ಸಾಕ್ಷಿ ಉಳಿದಿರುವುದಿಲ್ಲ. ಓಮ್ಯಾಪ್ ಶ್ರೇಣಿಯ ವಾಚ್‌ಡಾಗ್ ಚಾಲಕಕ್ಕೆ ರೀಸೆಟ್ ಕಾರಣವನ್ನು ಓದಿ, ಹಿಂದಿನ ರೀಸೆಟ್ ವಾಚ್‌ಡಾಗ್‌ನಿಂದ ಆದುದೇ ಎಂಬುದನ್ನು ಬಳಕೆದಾರ ತಂತ್ರಾಂಶಕ್ಕೆ ತಿಳಿಸುವ ಸೌಲಭ್ಯವಿದೆ. ಬೂಟ್‌ಲೋಡರ್ ಮತ್ತು ಕರ್ನಲ್ ಪೈಕಿ ಯಾರು ಓದಬೇಕು, ಯಾರು ಅಳಿಸಬೇಕು ಎಂಬುದನ್ನು ಸಾಧನದ ತಯಾರಕರು ಮೊದಲೇ ನಿರ್ಧರಿಸಿಕೊಂಡಿರಬೇಕಾಗುತ್ತದೆ.